ಒಂದು ತಿರುಪಿನ ಕಿತಾಪತಿ

ಬೆಸುಗೆಯ ರಾಳ ಕರಗಿದ ವಾಸನೆಗೆ ಶ್ರೀಪಾದರಾಯರಿಗೆ ಬಾಲ್ಯದಲ್ಲಿ ಕಂಡ ಸೋದರಮಾವನ ರೇಡಿಯೋ ಅಂಗಡಿ ನೆನಪಾಯಿತು. ನಿವೃತ್ತ ಸ್ಟೇಷನ್ ಮಾಸ್ಟರರಾದ ಅವರು ಬೆಳಗಿನಿಂದ ಮೇಜಿನಡಿ ಅಂಗಾತ ಮಲಗಿ, ಮೇಲಿದ್ದ ಪುಟ್ಟ ಆಟಿಕೆ ರೈಲಿನ ಹಳಿ ಬದಲಿಸುವ ಮೋಟಾರಿಗೆ ತಂತಿ ಜೋಡಿಸುತ್ತಿದ್ದರು. ‘ಮೇನ್ ಲೈನ್’ ಚೀಟಿಯ ಗುಂಡಿ ಒತ್ತಿದರೆ ರೈಲು ಪಕ್ಕದ ಲೂಪ್ ಲೈನಿಗೆ ಹೋಗುತ್ತಿತ್ತು. ‘ಲೂಪ್’ ಒತ್ತಿದರೆ ಮೇನಿಗೆ.

“ರೀ, ಮೂರು ಗಂಟೆ ಆಯ್ತು. ಊಟಕ್ಕೆ ಏಳಿ,” ಎಂದರು ಹೆಂಡತಿ ವಿಮಲಮ್ಮ.

“ಮೂವತ್ತು ವರ್ಷದಲ್ಲಿ ಒಂದು ಗಾಡೀನೂ ತಪ್ಪು ಲೈನಿಗೆ ಬಿಟ್ಟೋನಲ್ಲ ಕಣೇ ನಾನು. ಇದು ಸರಿಹೋಗೋವರೆಗೂ ಅನ್ನ ಮುಟ್ಟಲ್ಲ!”

“ಶುಗರ್ ಇರೋರು ಇಂಥ ಶಪಥ ಮಾಡಬಾರದು.”

ರಾಯರು ತಂತಿ ಅದಲುಬದಲು ಮಾಡಿದರು, ಮೋಟಾರನ್ನೂ ತಿರುಗಿಸಿ ಕೂರಿಸಿದರು. ರೈಲು ಮಾತ್ರ ಲೂಪಿಗೇ. ಮತ್ತೆ ಮೇಜಿನಡಿ ತೂರಿ, ಏನೂ ತೋಚದೆ ಒಂದು ತಿರುಪು ಬಿಗಿದು ಹೊರಬಂದರು. ಉಸಿರು ಬಿಗಿಹಿಡಿದು ‘ಮೇನ್ ಲೈನ್’ ಒತ್ತಿದರು. ರೈಲು ಸರಾಗವಾಗಿ ಮೇನ್ ಲೈನಿಗೇ ಹೋಯಿತು.

“ನೋಡಿದ್ಯಾ! ಎಲ್ಲಾ ಆ ಒಂದು ತಿರುಪಿನ ಕಿತಾಪತಿ!”

ಹೆಮ್ಮೆಯಿಂದ ಎತ್ತಿದ ಬೆರಳ ತುದಿಗೆ ಅನ್ನದ ಅಗುಳೊಂದು ಅಂಟಿತ್ತು. ರಾಯರು ಬಗ್ಗಿ ನೋಡಿದರು. ಗುಂಡಿಗಳ ಎರಡೂ ಚೀಟಿಗಳು ಪರಸ್ಪರ ಜಾಗ ಬದಲಿಸಿಕೊಂಡು, ಅನ್ನದ ಅಂಟಿನಲ್ಲಿ ಇನ್ನೂ ಒದ್ದೆಯಾಗಿದ್ದವು.

ವಿಮಲಮ್ಮ ಬಡಿಸಿದ ತಟ್ಟೆಯನ್ನು ಅವರ ಕೈಗಿತ್ತರು.