ರಂಗಕ್ಕನ ಸಾಲು

“ನಾನು ಮಲಗಿದ್ರೆ ದುರ್ಗದ ಕೋಟೆ ಉರುಳಿದ್ರೂ ಏಳಲ್ಲ ಕಣ್ರೇ! ನನ್ ಗೊರಕೆ ಕೇಳಿ ಹೈವೇ ಲಾರಿಗಳು ಹಾರ್ನ್ ಅಂತ ಸೈಡ್ ಬಿಡ್ತವೆ!”

ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಿದ್ದ ರಂಗಕ್ಕನ ಮಾತಿಗೆ ಜೊತೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿದ್ದೆ ಹೆಂಗೈತೆ, ಮನಸ್ಸು ಹೆಂಗೈತೆ ಎಂದು ವಿಚಾರಿಸಲು ಬಂದಿದ್ದ ಆಶಾ ಕಾರ್ಯಕರ್ತೆ ಅನುಸೂಯ ಮಾತ್ರ ನಗಲಿಲ್ಲ. ಅವಳು ರಂಗಕ್ಕ ದಾಟಿ ಬಂದ ಸಾಲನ್ನೇ ನೋಡುತ್ತಿದ್ದಳು. ಅಲ್ಲಿ ಹುಲ್ಲು ಹಾಗೇ ನಿಂತಿತ್ತು. ಎಳೆ ಈರುಳ್ಳಿ ಪೈರೆಲ್ಲ ಕಿತ್ತು ಬಿದ್ದಿತ್ತು.

“ರಂಗಕ್ಕ, ಏನು ಕಿತ್ತಿದೀರಿ, ಒಸಿ ಹಿಂದಕ್ಕೆ ತಿರುಗಿ ನೋಡ್ರಿ.”

ರಂಗಕ್ಕ ತಿರುಗಿದಳು. ನಾಲಿಗೆಯ ತುದಿಗೆ ಬಂದ ಇನ್ನೊಂದು ಬಡಾಯಿ ಅಲ್ಲೇ ಒಣಗಿತು. ಮುಷ್ಟಿಯಲ್ಲಿದ್ದ ಪೈರನ್ನು ಮತ್ತೆ ಮಣ್ಣಿಗೆ ಊರಲು ನೋಡಿದಳು. ಅದು ಮಗ್ಗುಲಿಗೆ ವಾಲಿತು.

“ಕಣ್ಣು ಮುಚ್ಚಿ ಎಷ್ಟೋ ದಿನ ಆತು ಕಣವ್ವ. ಬದುಕಾಕೇ ಮನಸ್ಸಿಲ್ಲ. ಇವತ್ತು ನನ್ನೊಬ್ಬಳನ್ನೇ ಮನೆಗೆ ಕಳಿಸಬ್ಯಾಡ.”