ಕೂದಲಿನ ಐದು ಗೆರೆಗಳು

ಗೃಹಮಂಡಳಿಯ ಅರ್ಜಿಯಲ್ಲಿ ಜಾತಿಯನ್ನು ಕೇಳುತ್ತಿರಲಿಲ್ಲ. ಮನೆಯ ಪ್ರತಿಯೊಬ್ಬರೂ ಒಂದು ನೀಳ ಕೂದಲನ್ನು ಕೊಡಬೇಕಿತ್ತು. ಹಿಂದಿನ ಐದು ವರ್ಷಗಳಲ್ಲಿ ಅವರು ಉಂಡದ್ದನ್ನು ಯಂತ್ರವು ಅದರಲ್ಲಿ ಓದುತ್ತಿತ್ತು. ಒಬ್ಬರೂ ಮಾಂಸ ಮುಟ್ಟದ ಮನೆಯವರಿಗೆ ಪೂರ್ವ ಬಡಾವಣೆ ಸಿಗುತ್ತಿತ್ತು. ಒಳ್ಳೆಯ ಶಾಲೆಗಳೆಲ್ಲ ಅಲ್ಲಿಯೇ ಇದ್ದವು. ಉಳಿದವರಿಗೆ ಕಸದ ಗುಡ್ಡದ ಪಕ್ಕದ ಪಶ್ಚಿಮ ಬಡಾವಣೆ.

ಮಗಳ ಶಾಲೆಗಾಗಿ ನರ್ಸ್ ರತ್ನಮಾಲಾ ಐದು ವರ್ಷ ಮನೆಯಲ್ಲಿ ಮಾಂಸ ಬೇಯಿಸಿರಲಿಲ್ಲ. ಆದರೂ ಅವಳ ತಾಯಿ ಪುಟ್ಟಮಾದಮ್ಮನ ಕೂದಲಿನ ಚಿತ್ರದಲ್ಲಿ ಸಮಾನ ಅಂತರದ ಐದು ಕೆಂಪು ಗೆರೆಗಳು ಮೂಡಿದವು.

"ವರ್ಷಕ್ಕೊಂದು ಸಲ ತಿಂದಿದ್ದಾರೆ," ಎಂದರು ಗುಮಾಸ್ತರು.

"ಪಿತೃಪಕ್ಷದಲ್ಲಿ ನಿಮ್ಮಪ್ಪಂಗೆ ಎಡೆ ಇಕ್ತಿದ್ದೆ ಕಣವ್ವ, ನೀನು ಡ್ಯೂಟಿಗೆ ಹೋದಾಗ," ಎಂದಳು ಪುಟ್ಟಮಾದಮ್ಮ. "ಬರೀ ತಿಳಿಸಾರು ಇಕ್ಕಿದ್ರೆ ಅವ್ನು ಉಣ್ತಿದ್ನಾ? ಎಡೇನ ಎಸೆಯೋಕಾಯ್ತದಾ, ನಾನೇ ಉಂಡೆ."

ಗುಮಾಸ್ತರು ದನಿ ತಗ್ಗಿಸಿದರು. "ಅಮ್ಮನ ಹೆಸರು ತೆಗೆದ್ರೆ ನಿಮಗೂ ಮಗಳಿಗೂ ಪೂರ್ವದಲ್ಲೇ ಮನೆ ಬರುತ್ತೆ ಮೇಡಂ. ಎಲ್ಲರೂ ಹಾಗೇ ಮಾಡ್ತಾರೆ."

"ನನ್ನೆಸ್ರು ತಗ್ಸಾಕು ಮಗಾ. ನಾನೆಲ್ಲಾದ್ರೂ ಇರ್ತೀನಿ."

ರತ್ನಮಾಲಾ ಅರ್ಜಿಯನ್ನು ಗುಮಾಸ್ತರ ಕಡೆ ಸರಿಸಿದಳು.

"ಪಶ್ಚಿಮ ಅಂತ ಬರ್ಕೊಳ್ಳಿ ಸರ್," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಈ ವರ್ಷ ನಾನು ರಜೆ ಹಾಕ್ತೀನಿ ಕಣವ್ವ. ಅಪ್ಪಂಗೆ ಇಬ್ರೂ ಸೇರಿ ಇಕ್ಕಣ."