ಎರಡು ಬಡಿತ

ನಿಮ್ಮ ಸಾಮಾನು ಒಂದು ತಾಸೂ ತಡವಾಗಬಾರದೆಂದು ಹಟ ಹಿಡಿದವರು ನೀವೇ ಅಲ್ಲವೇ?

ಅದಕ್ಕಾಗಿಯೇ ಒಂದು ಲಾರಿಗೆ ಇಬ್ಬರು ಚಾಲಕರು. ಒಬ್ಬನು ಓಡಿಸುವಾಗ ಇನ್ನೊಬ್ಬನು ಸೀಟಿನ ಹಿಂದಿನ ಹಲಗೆಯ ಮೇಲೆ ಪರದೆ ಎಳೆದುಕೊಂಡು ಮಲಗುತ್ತಾನೆ. ಲಾರಿ ಮಾತ್ರ ನಿಲ್ಲುವಂತಿಲ್ಲ.

ಗಂಡನನ್ನು ಈ ಕೆಲಸಕ್ಕೆ ಕಳುಹಿಸಬೇಕೋ ಬೇಡವೋ ಎಂದು ಕೇಳಲು ನೀಲವ್ವ ಹುಬ್ಬಳ್ಳಿಯ ಗೋದಾಮಿಗೆ ಬಂದಳು. ದೆಹಲಿಯಿಂದ ಆಗತಾನೇ ಬಂದ ಲಾರಿಯಿಂದ ಚಾಲಕ ಮೌಲಾಸಾಬ ಇಳಿದ.

“ಅಣ್ಣಾರ, ಈ ಕೆಲಸ ಚಲೋ ಐತೇನ್ರಿ?”

“ಅರ್ಧಾ ದಾರಿ ಮಲಗಾಕ ಪಗಾರ ಕೊಡ್ತಾರ, ತಂಗಿ. ಮತ್ತೇನ ಬೇಕು?”

“ನಿಮ್ಮ ಜೋಡಿ ಎಲ್ಲದಾರ? ಅವರನ್ನೂ ಕೇಳತೀನಿ.”

“ಹಿಂದ ಮಲಗ್ಯಾನ. ಪಾಳಿ ಬಂತಂದ್ರ ಹಲಗಿ ಎರಡ ಸಲ ಬಡೀತೀವಿ. ಮಲಗಿದಾಂವ ಏಳ್ತಾನ.”

ನೀಲವ್ವ ನಗುತ್ತ, ತೆರೆದ ಬಾಗಿಲಿನಿಂದ ಕೈಚಾಚಿ ಹಲಗೆಯನ್ನು ಎರಡು ಸಲ ಬಡಿದಳು. ಪರದೆ ಅಲುಗಲಿಲ್ಲ.

“ಏಳವಲ್ರಲ್ಲ, ಅಣ್ಣಾರ.”

“ಇಂದೋರಿನಾಗ ನಾನೂ ಬಡದೆ, ತಂಗಿ. ಮೈ ತಣ್ಣಗಾಗಿತ್ತು. ಫೋನ್ ಮಾಡಿದ್ರ ಮ್ಯಾನೇಜರು, ‘ಮೊದಲ ಸಾಮಾನ ಮುಟ್ಟಸು’ ಅಂದ್ರು.”

ನಿಮ್ಮ ಸಾಮಾನು ಮುಟ್ಟಿತೆಂದು ಸಹಿ ಹಾಕುವ ಮುನ್ನ, ದಯವಿಟ್ಟು ಆ ಹಲಗೆಯನ್ನೊಮ್ಮೆ ಬಡಿಯಿರಿ.